ಸಂಡೇ ಸ್ಕೂಲ್ ಪುಟ್ಟ ಮಕ್ಕಳಿಗೆ ದೇವರ ಮೇಲೆ ಭರವಸೆ ಇಡೋದನ್ನ ಹೇಗೆ ಕಲಿಸ್ತೀರ? (3ರಿಂದ 6 ವರ್ಷ)

ಮೈಸೂರು_ಮಿಸ್

ಎಲ್ಲರಿಗೂ ವಂದನೆಗಳು. ನಮ್ಮ ಚರ್ಚ್ ಸಭೆಯಲ್ಲಿ ಈ ವರ್ಷ ಬಿಗಿನರ್ಸ್ ಕ್ಲಾಸ್ ನನ್ನ ತಲೆಗೆ ಕಟ್ಟಿದ್ದಾರೆ. ಎಲ್‌ಕೆಜಿ, ಯುಕೆಜಿ, ಒಂದನೇ ಕ್ಲಾಸ್ ಮಕ್ಕಳು, ಜೊತೆಗೆ ಅಕ್ಕನ ಕೈ ಬಿಡದೆ ಅಳ್ತಾ ಬರೋ ಮೂರು ವರ್ಷದವು ಒಂದೆರಡು. ಕಮಿಟಿಯವರು ಈ ಸಲ ಕೊಟ್ಟಿರೋ ವಿಷಯ "ದೇವರಲ್ಲಿ ಭರವಸೆ". ಕೇಳೋಕೆ ಚೆನ್ನಾಗಿದೆ, ಐದು ವರ್ಷದ ಮಗು ಮುಂದೆ ಕೂತ್ಕೊಂಡಾಗ ಗೊತ್ತಾಗುತ್ತೆ ಕಷ್ಟ.

ಈಗ ನಡೀತಿರೋದು ಏನಂದ್ರೆ ಎರಡು ಆಕ್ಷನ್ ಸಾಂಗ್, ಬಾಯಿಪಾಠ ವಾಕ್ಯ, ಕಥೆ, ಕಲರಿಂಗ್, ಕಾಣಿಕೆ, ಪ್ರಾರ್ಥನೆ, ಮನೆಗೆ. ವಾಕ್ಯ ಎಲ್ಲಾ ರೈಲು ಬಿಟ್ಟ ಹಾಗೆ ಒಪ್ಪಿಸ್ತವೆ, ಯಾಕಂದ್ರೆ ಒಪ್ಪಿಸಿದ್ರೆ ಚಾಕ್ಲೇಟ್ ಇದೆ, ಇದು ನಾನು ಶುರು ಮಾಡಿದ್ದಲ್ಲ, ಮುಂಚಿನಿಂದ ಇರೋ ಪದ್ಧತಿ, ನಿಲ್ಲಿಸೋಕೆ ಹೋದ್ರೆ ಮಕ್ಕಳಿಗಿಂತ ಮೊದಲು ಅಜ್ಜಿಯಂದಿರು ಬರ್ತಾರೆ ಜಗಳಕ್ಕೆ.

ಮೊನ್ನೆ ಯುಕೆಜಿ ಹುಡುಗಿ ಒಬ್ಳು ಎಲ್ಲರೂ ಹೋದ್ಮೇಲೆ ಹತ್ರ ಬಂದು ಮೆಲ್ಲಗೆ ಕೇಳಿದ್ಳು, "ಮಿಸ್, ರಾತ್ರಿ ಕರೆಂಟ್ ಹೋದ್ರೆ ನಂಗೆ ಭಯ ಆಗುತ್ತೆ. ಅಮ್ಮ ಹೇಳ್ತಾರೆ ಜೀಸಸ್ ಇದ್ದಾರೆ ಭಯ ಪಡಬಾರ್ದು ಅಂತ. ಆದ್ರೂ ಭಯ ಆಗುತ್ತೆ. ನಾನು ಬ್ಯಾಡ್ ಗರ್ಲಾ?" ಇಲ್ಲ ಚಿನ್ನ ಅಂತ ಹೇಳಿ ಕಳಿಸ್ದೆ, ಆದ್ರೆ ಆ ಪ್ರಶ್ನೆ ನನ್ನ ಬಿಡ್ತಾ ಇಲ್ಲ.

ಹಾಗಾಗಿ ಅನುಭವ ಇರೋರು ಹೇಳಿ, ಭಾಷಣ ಮಾಡದೆ, ಆರಾಧನೆ ಹೊತ್ತಲ್ಲೇ ಮಕ್ಕಳು ಕೈಯಲ್ಲಿ ಮಾಡೋ, ಹಾಡೋ, ಓಡಾಡೋ ತರಹದ್ದು ಏನಾದ್ರೂ ಇದೆಯಾ? ಪ್ರೊಜೆಕ್ಟರ್ ಇಲ್ಲ, ದುಡ್ಡೂ ಇಲ್ಲ. ಪಿಂಟರೆಸ್ಟ್ ನೋಡಿ ಅಂತ ಮಾತ್ರ ಹೇಳ್ಬೇಡಿ ಪ್ಲೀಸ್, ಪೇಪರ್ ಪ್ಲೇಟಲ್ಲಿ ಸಿಂಹ ಮಾಡಿ ಮಾಡಿ ಸಾಕಾಗಿದೆ.

---

ಕಡಲಕರೆ_ಟೀಚರ್

ಆ ಮಗು ಕೇಳಿದ್ದರಲ್ಲಿ ತಪ್ಪೇ ಇಲ್ಲ ಮಾರಾಯ್ರೆ. ನಂಬಿಕೆ ಇದ್ದವರಿಗೆ ಹೆದರಿಕೆ ಇರುದಿಲ್ಲ ಅಂತ ಹೇಳಿಕೊಟ್ಟದ್ದು ನಾವೇ ಅಲ್ವಾ, ಈಗ ಅದು ಲೆಕ್ಕ ಹಾಕಿ ನೋಡ್ತಾ ಉಂಟು, ನಂಗೆ ಹೆದರಿಕೆ ಆಗ್ತದೆ ಅಂದ್ರೆ ನಂಬಿಕೆ ಇಲ್ಲ, ನಂಬಿಕೆ ಇಲ್ಲ ಅಂದ್ರೆ ನಾನು ಕೆಟ್ಟವಳು. ದೊಡ್ಡವರಿಗಿಂತ ಸರಿಯಾಗಿ ಲೆಕ್ಕ ಹಾಕಿದೆ.

ಬೈಬಲಲ್ಲಿ 56ನೇ ಕೀರ್ತನೆ ತೆಗೆದು ನೋಡಿ. ದಾವೀದ ಗತ್ ಊರಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿಬಿದ್ದಾಗಿನದ್ದು ಅಂತ ಮೇಲೆ ಬರೆದುಂಟು. ಮೂರನೇ ವಚನದಲ್ಲಿ ಅವ ನಂಗೆ ಹೆದರಿಕೆ ಆಗುದೇ ಇಲ್ಲ ಅಂತ ಹೇಳ್ಲಿಲ್ಲ, ಹೆದರಿಕೆ ಆದಾಗ ನಿನ್ನನ್ನು ನಂಬ್ತೇನೆ ಅಂತ ಹೇಳಿದ್ದು. ದೈತ್ಯ ಗೊಲ್ಯಾತನನ್ನು ಹೊಡೆದವನಿಗೇ ಹೆದರಿಕೆ ಇತ್ತು ಅಂದ್ರೆ ಯುಕೆಜಿ ಹುಡುಗಿಗೆ ಇರ್ಬಾರ್ದಾ. ಮೊದಲು ಅವಳಿಗೆ ಅದನ್ನು ಹೇಳಿ, ಅವಳ ಅಮ್ಮನಿಗೂ ಹೇಳಿ.

ಇನ್ನು ನೀವು ಕೇಳಿದ್ದು. ನಾವು ಇಲ್ಲಿ ಮಾಡುದು ದೋಣಿ. ಮಾರ್ಕ 4ನೇ ಅಧ್ಯಾಯದ ಕೊನೆಗೆ ಬಿರುಗಾಳಿ ಕಥೆ ಉಂಟಲ್ಲ ಅದು. ಹಳೆ ಡಬಲ್ ಬೆಡ್‌ಶೀಟ್ ಒಂದು ತನ್ನಿ, ನೀಲಿ ಆದ್ರೆ ಒಳ್ಳೇದು, ಮಕ್ಕಳೆಲ್ಲ ಸುತ್ತ ಅಂಚು ಹಿಡ್ಕೊಳ್ಳಲಿ. ಅದೇ ಕಡಲು. ಕಾಗದದ ದೋಣಿ ನಡುವೆ ಇಡಿ. ಮೊದಲು ಮೆಲ್ಲ, ಆಮೇಲೆ ಜೋರು ಜೋರು ಅಲುಗಾಡಿಸ್ಲಿ, ಬೊಬ್ಬೆ ಹೊಡೀಲಿ, ನೀವು ತಡೀಬೇಡಿ. ಯೇಸು ಆಗ ಎಲ್ಲಿದ್ದ ಅಂತ ಕೇಳಿ. ದಿಂಬಿನ ಮೇಲೆ ತಲೆ ಇಟ್ಟು ನಿದ್ದೆ! ಆ ದಿಂಬಿನ ವಿಷಯ ಮಾರ್ಕನೇ ಬರೆದದ್ದು, ಮಕ್ಕಳಿಗೆ ಅದು ಎಷ್ಟು ಖುಷಿ ಅಂದ್ರೆ ಪ್ರತಿ ಸಲ ನಗಾಡ್ತವೆ. ಶಿಷ್ಯರು ಅವನನ್ನು ಎಬ್ಬಿಸಿದ್ದು ಭಕ್ತಿಯಿಂದ ಅಲ್ಲ, ನಾವು ಸಾಯ್ತಾ ಇದ್ದೇವೆ ನಿನಗೆ ಚಿಂತೆ ಇಲ್ವಾ ಅಂತ ಜೋರು ಮಾಡಿಯೇ ಎಬ್ಬಿಸಿದ್ದು. ಮಕ್ಕಳು ಸಹ ಹಾಗೇ ಕೂಗ್ಲಿ. ಮತ್ತೆ ನೀವು ಕೈ ಎತ್ತಿ, ಯೇಸು ಕಡಲಿಗೆ ಹೇಳಿದ ಹಾಗೆ "ಸುಮ್ಮನಿರು" ಅನ್ನುವಾಗ ಬೆಡ್‌ಶೀಟ್ ನೆಲಕ್ಕೆ. ಒಂದು ಶಬ್ದ ಇಲ್ಲ. ಆ ಮೌನದಲ್ಲೇ ಒಬ್ಬೊಬ್ಬರ ಹತ್ರ ನಿಂಗೆ ಯಾವುದಕ್ಕೆ ಹೆದರಿಕೆ ಅಂತ ಕೇಳಿ, ಹೇಳಿದ್ದನ್ನೇ ಪ್ರಾರ್ಥನೆ ಮಾಡಿ, ಹೆಚ್ಚು ಸೇರಿಸ್ಲಿಕ್ಕೆ ಹೋಗ್ಬೇಡಿ. ನಮ್ಮಲ್ಲಿ ಮೀನುಗಾರರ ಮಕ್ಕಳು ಇದ್ದಾರೆ, ಜೂನ್-ಜುಲೈ ಬೋಟು ಕಡಲಿಗೆ ಇಳಿಯುದಿಲ್ಲ, ಆಗಸ್ಟಲ್ಲಿ ಅಪ್ಪ ಪುನಃ ಹೋಗುವ ಹೊತ್ತಿಗೆ ಈ ಕಥೆ ಇಡ್ತೇವೆ, ಆಗ ಅವು ಹೇಳುವ ಪ್ರಾರ್ಥನೆ ಕೇಳಿದ್ರೆ ನಮಗೇ ಮಾತು ಬರುದಿಲ್ಲ.

ಚಾಕ್ಲೇಟ್ ನಿಲ್ಲಿಸಿ. ಅಜ್ಜಿಯಂದಿರು ನಾಲ್ಕು ವಾರ ಗೊಣಗ್ತಾರೆ ಅಷ್ಟೇ.

---

ಬೆಟಗೇರಿ_ಮಾಸ್ತರ

ಅಕ್ಕಾರ ನಿಮ್ದು ಚಲೋ ಐತ್ರಿ, ಆದ್ರ ನಮ್ಮ ಕಡೆ ಹುಡುಗೂರು ಕಡಲಾ ನೋಡೇ ಇಲ್ಲ. ನಮ್ಮ ಹುಡುಗೂರಿಗೆ ಗೊತ್ತಿರೋದು ಕುರಿ.

ಸುಗ್ಗಿ ಮುಗದ ಮ್ಯಾಲೆ ಹೊಲದಾಗ ಕುರುಬರು ಬಂದು ಇಳೀತಾರ್ರಿ, ಹಿಕ್ಕಿ ಗೊಬ್ಬರ ಆಗಲಿ ಅಂತ ಹೊಲದವರ ಕರ್ಸಿ, ರೊಕ್ಕನೋ ಕಾಳೋ ಕೊಟ್ಟು ರಾತ್ರಿ ಕುರಿ ನಿಲ್ಲಿಸಿಕೊಳ್ತಾರ. ದೇವರು ನಮ್ಮ ಕುರುಬ ಅನ್ನೋ 23ನೇ ಕೀರ್ತನೆ ಬಾಯಿಪಾಠ ಮಾಡ್ಸೋಕಿಂತ ಮೊದಲ ಹುಡುಗೂರ್ನ ಅಲ್ಲಿಗೆ ಕರಕೊಂಡು ಹೋಗಿದ್ವಿ, ಊರ ಹೊರಗ ಒಂದ ಹೊಲ. ಸಣ್ಣ ಮರಿಗಳನ್ನ ಬ್ಯಾರೆ ಬಲೆ ಕಟ್ಟಿ ಒಳಗ ಬಿಟ್ಟಿದ್ರು. ಅಜ್ಜ ಒಬ್ಬಾಂವ ಕಂಬಳಿ ಹೊದ್ಕೊಂಡು ಕುಂತಿದ್ದ, ಆಗ ಹುಟ್ಟಿದ ಮರೀನ ಕಂಬಳಿ ಒಳಗ ಇಟ್ಕೊಂಡಿದ್ದ, ಬರೇ ಮೂಗು ಕಾಣ್ತಿತ್ತು. ಒಂದ ಹುಡುಗಿ ಕೇಳಿದ್ಲು, "ಅಜ್ಜಾ, ಕುರಿ ತಪ್ಪಿಸ್ಕೊಂಡ್ರ?" ಅಜ್ಜ ಅಂದ, "ಹುಡುಕ್ತೀನವ್ವ, ಮತ್ತೇನ್ ಮಾಡ್ಲಿ." ಅಷ್ಟ. ಅಂವ ಕ್ರೈಸ್ತ ಅಲ್ಲ, ಅಂವಗ ಲೂಕ 15ರಾಗಿನ ತಪ್ಪಿಹೋದ ಕುರಿ ಕಥಿ ಗೊತ್ತೂ ಇಲ್ಲ, ಆದ್ರ ನಾನು ಆ ಪಾಠ ಇಷ್ಟು ಸಣ್ಣದಾಗಿ ಎಂದೂ ಹೇಳಿಲ್ರಿ.

ಎರಡು ಹಿಂಡು ಕೂಡಿ ನೀರ ಕುಡಿಲಾಕ ಬಂದ್ರೂ ಕುರುಬ ಬಾಯಾಗ ಸಪ್ಪಳಾ ಮಾಡಿದ್ರ ಅವನ ಕುರಿ ಅವನ ಹಿಂದ ಹೋಗ್ತಾವ. ಯೋಹಾನ 10ರಾಗ ಇರೋದು ಅದ ಅಲ್ಲೇನ್ರಿ. ಅದನ್ನ ಕ್ಲಾಸಿನ್ಯಾಗ ಆಟ ಮಾಡಬಹುದು. ಮೂರು ಟೀಚರ್ ಮೂರು ಮೂಲ್ಯಾಗ ನಿಂತು ಬ್ಯಾರೆ ಬ್ಯಾರೆ ಸಪ್ಪಳಾ ಮಾಡ್ರಿ, ಹುಡುಗೂರು ತಮ್ಮ ಟೀಚರ್ ದನಿ ಹಿಡದು ಹೋಗ್ಲಿ. ಆಮ್ಯಾಲೆ ಸುತ್ತ ಕುಂದ್ರಿಸಿ ಒಬ್ಬೊಬ್ಬರ ಹೆಸರು ತಗೊಂಡು "ಯೆಹೋವನು ನಮ್ಮ ಕುರುಬನು" ಅಂತ ಹಾಡ್ರಿ. ಹೆಸರು ಬಿಡಬ್ಯಾಡ್ರಿ ಮತ್ತ, ಒಂದ ಹೆಸರು ಬಿಟ್ರ ಆ ಕೂಸು ಮುಂದಿನ ವಾರದ ತನಕ ಮುಖ ದಪ್ಪ ಮಾಡಿರ್ತದ.

---

ಇಬ್ಬರ_ಅಪ್ಪ_ಬೆಂಗಳೂರು

ಟೀಚರ್ ಅಲ್ಲ ನಾನು, ಅಪ್ಪ. ಎರಡು ವಿಷಯ ಹೇಳ್ಬೇಕು, ಸ್ವಲ್ಪ ಖಾರ ಆದ್ರೆ ಬೇಜಾರಾಗ್ಬೇಡಿ.

ಒಂದು, ಆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸೋ ಆಟ ಮಾಡ್ಬೇಡಿ. ಬೇಸಿಗೆ ರಜೆಯಲ್ಲಿ ಚರ್ಚಲ್ಲಿ ನಡೆಯೋ ಬೈಬಲ್ ಶಿಬಿರ, ವಿಬಿಎಸ್‌ಗೆ ಕಳಿಸಿದ್ವಿ, ನಂಬಿಕೆ ಕಲಿಸ್ತೀವಿ ಅಂತ ಚಿಕ್ಕೋನಿಗೆ ಕಣ್ಣು ಕಟ್ಟಿ ಇನ್ನೊಬ್ಬ ಹುಡುಗನ ಕೈಗೆ ಕೊಟ್ಟಿದ್ದಾರೆ, ಆ ಹುಡುಗನೂ ಆರು ವರ್ಷದವನೇ, ಅವನು ಮಜಾ ಅಂತ ಗೋಡೆಗೆ ಕರ್ಕೊಂಡು ಹೋಗಿ ಗುದ್ದಿಸಿದ. ನಮ್ಮೋನು ಕಲಿತಿದ್ದು ಏನಪ್ಪಾ ಅಂದ್ರೆ ಯಾರನ್ನೂ ನಂಬಬಾರ್ದು ಅಂತ. ಮೇಲೆ ಮಾಸ್ತರು ಹೇಳಿದ ಆಟ ಪರವಾಗಿಲ್ಲ, ಕಣ್ಣು ಬಿಟ್ಕೊಂಡು ದನಿ ಹುಡುಕೋದು.

ಎರಡನೇದು ದೊಡ್ಡ ವಿಷಯ. ನಂಬಿಕೆಯಿಂದ ಕೇಳಿದ್ರೆ ದೇವರು ಕೊಟ್ಟೇ ಕೊಡ್ತಾರೆ ಅಂತ ಮಕ್ಕಳಿಗೆ ಹೇಳ್ಕೊಡ್ತಾರಲ್ಲ, ಅದು. ನಮ್ಮ ದೊಡ್ಡೋಳು ಅವಳ ಅಜ್ಜನಿಗೆ ಹುಷಾರಾಗ್ಲಿ ಅಂತ ದಿನಾ ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿದ್ಳು. ಅಜ್ಜ ತೀರ್ಕೊಂಡ್ರು. ಆಮೇಲೆ ಅವಳು ಕೇಳಿದ್ದು ದೇವರು ಯಾಕೆ ಹೀಗೆ ಮಾಡಿದ್ರು ಅಂತಲ್ಲ, "ನಾನು ಸರಿಯಾಗಿ ಪ್ರೇ ಮಾಡ್ಲಿಲ್ವಾ ಪಪ್ಪಾ" ಅಂತ. ಈಗ ಹೇಳಿ, ಇದನ್ನ ಯಾವ ಆಕ್ಷನ್ ಸಾಂಗ್ ಸರಿ ಮಾಡುತ್ತೆ?

ನಮ್ಮ ಚರ್ಚಿನ ಅಯ್ಯನವರು (ಪಾಸ್ಟರ್) ಮನೆಗೆ ಬಂದಾಗ ಅವಳನ್ನ ಕೂರಿಸ್ಕೊಂಡು ಗೆತ್ಸೇಮನೆ ತೋಟದ ಕಥೆ ಹೇಳಿದ್ರು. ಯೇಸುನೇ ಈ ಕಷ್ಟದ ಪಾತ್ರೆ ನನ್ನಿಂದ ತೆಗಿ ಅಂತ ಅಪ್ಪನ್ನ ಕೇಳಿದ್ರು, ಅತ್ತು ಕೇಳಿದ್ರು, ಅದು ಹೋಗ್ಲಿಲ್ಲ, ಅವರು ಸರಿಯಾಗಿ ಪ್ರಾರ್ಥಿಸ್ಲಿಲ್ವಾ ಅಂತ ಕೇಳಿದ್ರು. ಅವಳು ಬಹಳ ಹೊತ್ತು ಯೋಚಿಸಿ ಇಲ್ಲ ಸರಿಯಾಗೇ ಮಾಡಿದ್ರು ಅಂದ್ಳು. ದಯವಿಟ್ಟು ಈ ಕಥೆನ ಬರೀ ಶುಭ ಶುಕ್ರವಾರದ ವಾರಕ್ಕೆ ಅಂತ ಎತ್ತಿಡಬೇಡಿ.

---

ಮೊಂತಿ_ಹೂ

ನಾವು ಕೆಥೊಲಿಕರು, ಉಡುಪಿ ಕಡೆ. ನಮ್ಮಲ್ಲಿ ಇದಕ್ಕೆ ಕ್ಲಾಸೇ ಬೇಡ, ಮೊಂತಿ ಹಬ್ಬ ಸಾಕು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದಕ್ಕೆ ಮೊದಲು ಒಂಬತ್ತು ದಿನ ನೊವೆನ ಅಂತ ಪ್ರಾರ್ಥನೆ. ಮಕ್ಕಳು ದಿನಾ ಹೂ ತರ್ಬೇಕು. ಪೇಟೆಯದ್ದಲ್ಲ, ಅಂಗಳದ್ದು, ಬೇಲಿಯದ್ದು, ಗುಡ್ಡೆಯದ್ದು. ಮಳೆ ಇನ್ನೂ ಬಿಟ್ಟಿರುದಿಲ್ಲ, ಕೊಡೆ ಹಿಡ್ಕೊಂಡು ಒದ್ದೆ ಗೋರಟೆ ದಾಸವಾಳ ಕೊಯ್ದು ಬುಟ್ಟಿಗೆ ಹಾಕಿ ಇಗರ್ಜಿಗೆ ಓಡುದು, ಸಾಲಲ್ಲಿ ನಿಂತು ಹಾಡ್ತಾ ಬಾಲ ಮರಿಯಮ್ಮನಿಗೆ ಹೂ ಹಾಕುದು. ಹಬ್ಬದ ದಿನ ಹೊಸ ತೆನೆ ಆಶೀರ್ವಾದ ಮಾಡಿ ಮನೆಗೊಂದು ಕೊಡ್ತಾರೆ, ಮಕ್ಕಳ ಕೈಗೆ ಕಬ್ಬು. ಮನೇಲಿ ತೆನೆಯ ಅಕ್ಕಿ ಸುಲಿದು ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುದು, ಅಂದು ಮೀನು ಮಾಂಸ ಇಲ್ಲ, ಬಾಳೆಎಲೆ ಊಟ.

ಇದರಲ್ಲಿ ಮಗು ದೇವರ ಹತ್ರ ಏನೂ ಕೇಳುದಿಲ್ಲ ನೋಡಿ. ದಿನಾ ಕೊಡ್ತದೆ ಅಷ್ಟೇ. ಮೇಲಿನ ಅಪ್ಪ ಹೇಳಿದ ಸಮಸ್ಯೆ ಬರುದೇ ನಾವು ಮಕ್ಕಳಿಗೆ ಪ್ರಾರ್ಥನೆ ಅಂದ್ರೆ ಬೇಡುದು ಅಂತ ಮಾತ್ರ ತೋರಿಸಿದ್ರಿಂದ ಅಂತ ನನ್ನ ಲೆಕ್ಕ. ನಿಮ್ಮದು ಪ್ರೊಟೆಸ್ಟೆಂಟ್ ಸಭೆ, ಸಿಎಸ್‌ಐ ಇರ್ಬೇಕು, ಮರಿಯಮ್ಮನಿಗೆ ಹೂ ನಿಮ್ಮಲ್ಲಿ ನಡೆಯುದಿಲ್ಲ ಗೊತ್ತುಂಟು, ಆದ್ರೆ ನಿಮ್ಮಲ್ಲಿಯೂ ಸುಗ್ಗಿ ಹಬ್ಬ ಉಂಟಲ್ಲ, ಕುಂಬಳಕಾಯಿ ಮೊಟ್ಟೆ ಎಲ್ಲ ತಂದು ಏಲಂ ಹಾಕುದು. ಮಕ್ಕಳೇ ನೆಟ್ಟು ನೀರು ಹಾಕಿದ್ದನ್ನು ತರ್ಲಿ, ಅಪ್ಪನ ನೋಟು ಕಾಣಿಕೆ ಡಬ್ಬಕ್ಕೆ ಹಾಕುದಕ್ಕಿಂತ ಅದು ಬೇರೆಯೇ.

ಬೆಟಗೇರಿ ಮಾಸ್ತರರ ಕುರಿ ಓದಿ ನೆನಪಾಯ್ತು. ರೋಮಿನಲ್ಲಿ ಸೋಫಿಯಾ ಕವಲೆತ್ತಿ ಅಂತ ಬೈಬಲ್ ವಿದ್ವಾಂಸೆ ಇದ್ರು, 1954ರಲ್ಲಿ ಮಾಂಟೆಸ್ಸರಿ ತರಬೇತಿ ಆದ ಜಾನ್ನ ಗೋಬಿ ಅವರ ಜೊತೆ ಸೇರಿ ಪುಟ್ಟ ಮಕ್ಕಳಿಗೆ ಧರ್ಮಬೋಧೆ ಶುರು ಮಾಡಿದ್ದು. ಮರದ ಕುರಿ, ಮರದ ಕುರುಬ, ಒಂದು ಹಟ್ಟಿ. ಟೀಚರ್ ಕಥೆ ಹೇಳ್ತಾ ಕುರಿಗಳನ್ನು ಮೆಲ್ಲ ಸರಿಸುದು, ಆಮೇಲೆ ಮಗು ತಾನೇ ತನಗೆ ಬೇಕಾದಷ್ಟು ಹೊತ್ತು ಅದರಲ್ಲಿ ಕೆಲಸ ಮಾಡುದು. ಕುರಿ ಅಂದ್ರೆ ನೀನೇ ಅಂತ ಟೀಚರ್ ಬಾಯಿ ಬಿಟ್ಟು ಹೇಳುದಿಲ್ಲ, ಮಗುವೇ ಒಂದು ದಿನ ಕಂಡುಹಿಡೀತದೆ. ತೋಳ ಬರುವ ಭಾಗ ಆರು ದಾಟಿದ ಮಕ್ಕಳಿಗೆ ಅಂತ ಇಡ್ತಾರೆ, ಸಣ್ಣವಕ್ಕೆ ಮೊದಲು ಕುರುಬ ಗಟ್ಟಿ ಆಗ್ಲಿ ಅಂತ.

---

ಬೆಟಗೇರಿ_ಮಾಸ್ತರ

ತೋಳ ಬಿಟ್ರ ನಮ್ಮ ಹುಡುಗೂರು ಬಿಡಂಗಿಲ್ರಿ ಬಾಯಾರ. ನಮ್ಮ ಕಡೆ ತೋಳ ಇನ್ನೂ ಅದಾವ, ಕುರುಬರ ನಾಯಿ ಕೊಳ್ಳಾಗ ಮುಳ್ಳಿನ ಪಟ್ಟಾ ಯಾಕ ಹಾಕ್ತಾರ ಅಂತ ಅವರ ನಮಗ ಹೇಳ್ತಾರ. ನಾವು ಹೇಳ್ಲಿಲ್ಲ ಅಂದ್ರ ಮಾಸ್ತರಗ ಗೊತ್ತಿಲ್ಲ ಅಂತಾರ. ಆದ್ರ ಪ್ಯಾಟಿ ಹುಡುಗೂರಿಗೆ ನೀವು ಹೇಳಿದ್ದ ಬರೋಬ್ಬರಿ.

---

ಮೈಸೂರು_ಮಿಸ್

ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. @ಇಬ್ಬರ_ಅಪ್ಪ ಅಣ್ಣ ನಿಮ್ಮದು ಖಾರ ಏನಿಲ್ಲ, ನಿಮ್ಮ ಮಗಳ ಮಾತು ಓದಿ ಸುಮ್ಮನೆ ಕೂತ್ಬಿಟ್ಟೆ. ನಮ್ಮ ಪ್ರಾರ್ಥನೆ ಭಾಗದಲ್ಲಿ "ಬೇಡಿಕೊಂಡ್ರೆ ಕೊಡ್ತಾರೆ" ಅನ್ನೋ ಹಾಡು ಒಂದಿದೆ, ಅದನ್ನ ತೆಗೆದು ಹಾಕ್ತೀನಿ.

ಬರೋ ಭಾನುವಾರ ದೋಣಿ. ಆ ಹುಡುಗಿ ಅಮ್ಮನ ಹತ್ರ ಮಾತಾಡ್ದೆ, ಕೀರ್ತನೆ ವಿಷಯ ಹೇಳ್ದೆ, ಅವರು ಸ್ವಲ್ಪ ಹೊತ್ತು ಬಿಟ್ಟು "ನಂಗೂ ಕರೆಂಟ್ ಹೋದ್ರೆ ಭಯಾನೇ ಮಿಸ್" ಅಂದ್ರು. ಇನ್ಮೇಲೆ ಕತ್ತಲಾದ್ರೆ ಇಬ್ಬರೂ ಒಟ್ಟಿಗೆ ಅದೇ ವಾಕ್ಯ ಹೇಳ್ತೀವಿ ಅಂತ ಒಪ್ಕೊಂಡಿದ್ದಾರೆ. ಚಾಕ್ಲೇಟ್ ವಿಷಯ ಕಮಿಟಿಗೆ ಹಾಕಿದ್ದೀನಿ, ನೋಡೋಣ.

ಒಂದು ಡೌಟು ಕಡಲಕರೆ ಅಕ್ಕ, ಮೂರು ವರ್ಷದವು ಬಿರುಗಾಳಿ ಗಲಾಟೆಗೆ ಅತ್ತುಬಿಟ್ರೆ ಏನ್ ಮಾಡ್ಲಿ? ನಮ್ದು ಚಿಕ್ಕ ರೂಮು, ಒಬ್ಬರು ಅತ್ರೆ ಎಲ್ಲಾ ಅಳೋಕೆ ಶುರು.

---

ಕಡಲಕರೆ_ಟೀಚರ್

ಅಳ್ತವೆ, ಅಳ್ದೆ ಇರುದಿಲ್ಲ. ಅಂಥವನ್ನು ಬೆಡ್‌ಶೀಟ್ ಹಿಡಿಲಿಕ್ಕೆ ಬಿಡ್ಬೇಡಿ, ನಿಮ್ಮ ಹೆಲ್ಪರ್ ಮಡಿಲಲ್ಲಿ ಕೂರಿಸಿ ದಿಂಬು ಕೈಗೆ ಕೊಡಿ, ನಿದ್ದೆ ಮಾಡುವ ಯೇಸುವಿನ ದಿಂಬು ನೋಡಿಕೊಳ್ಳುದು ನಿನ್ನ ಕೆಲಸ ಅಂತ ಹೇಳಿ. ನಮ್ಮಲ್ಲಿ ಈಗ ಬೆಡ್‌ಶೀಟಿಗಿಂತ ಆ ದಿಂಬಿಗೇ ಜಗಳ. ಮತ್ತೆ ಬೆಡ್‌ಶೀಟ್ ಕಾಟನ್ನೇ ತನ್ನಿ, ನೈಲಾನ್ ಆದ್ರೆ ಪುಟ್ಟ ಕೈಯಿಂದ ಜಾರ್ತದೆ.