4.6 ಸ್ಟಾರ್ ನೋಡ್ಕೊಂಡು ಹೋಗಿ ಬೇಸ್ತು ಬಿದ್ವಿ, ಈ ಹೋಟ್ಲು ರಿವ್ಯೂಗಳನ್ನ ಹೆಂಗ್ರೀ ನಂಬೋದು?

ಸಂತೆಪೇಟೆ ಹಾಸನ:
ಎಲ್ರಿಗೂ ನಮಸ್ಕಾರ. ಮುಂದಿನ ಶನಿವಾರ ಧಾರವಾಡದಿಂದ ಬೀಗರು ಬರ್ತಿದಾರೆ, ಒಟ್ಟು 11 ಜನ ಆಗ್ತೀವಿ, ಬೆಳಿಗ್ಗೆ ಬೇಲೂರು ನೋಡ್ಕೊಂಡು ಮಧ್ಯಾಹ್ನ ಚಿಕ್ಕಮಗಳೂರಲ್ಲಿ ಊಟ ಮುಗಿಸಿ ಮುಳ್ಳಯ್ಯನಗಿರಿ ಹತ್ತೋ ಪ್ಲಾನು. ಊಟದ್ದೇ ತಲೆನೋವು. ಹೋದ ತಿಂಗ್ಳು ನಾವು ಮನೆಯವ್ರು ನಾಲ್ಕು ಜನ ಹೋಗಿದ್ವಿ, ಗೂಗಲ್ ಮ್ಯಾಪಲ್ಲಿ 4.6 ಇತ್ತು, ಸಾವಿರಗಟ್ಲೆ ರಿವ್ಯೂ, ಅಪ್ಪಟ ಮಲೆನಾಡ ರುಚಿ ಅಂತ ಒಬ್ರಾದ್ಮೇಲೆ ಒಬ್ರು ಬರ್ದಿದ್ರು, ಸರಿ ಅಂತ ಕಡುಬು ಕೋಳಿ ಸಾರು ಹೇಳಿದ್ವಿ. ಮುಕ್ಕಾಲು ಗಂಟೆ ಆದ್ಮೇಲೆ ಬಂತು. ಕಡುಬು ಮೇಲ್ಗಡೆ ಬಿಸಿ, ಮುರಿದ್ರೆ ಒಳಗೆ ಫ್ರಿಜ್ಜಿನ ತಣ್ಣಗೆ. ಸಾರು ಅನ್ನೋದು ಪಕ್ಕದ ಟೇಬಲ್ಲಿಗೆ ಪನೀರ್ ಹಾಕಿ ಕೊಟ್ಟಿದ್ರಲ್ಲ ಅದೇ ಕೆಂಪು ಗ್ರೇವಿ, ನಮಗೆ ಕೋಳಿ ಹಾಕಿ ಕೊಟ್ರು ಅಷ್ಟೆ.

ಬಿಲ್ ಜೊತೆ ಒಂದು ಕ್ಯೂಆರ್ ಕಾರ್ಡ್ ಇಟ್ರು, 5 ಸ್ಟಾರ್ ಒತ್ತಿ ಸ್ಕ್ರೀನ್ ತೋರ್ಸಿದ್ರೆ ಐಸ್‌ಕ್ರೀಮ್ ಫ್ರೀ ಅಂತೆ. ನಾನು ಕೈ ತೊಳ್ಕೊಂಡು ಬರೋದ್ರೊಳಗೆ ನಮ್ಮ ಮಗಳು ಒತ್ತಿ ಐಸ್‌ಕ್ರೀಮ್ ತಿಂತಾ ಕೂತಿದ್ಲು. ಅಂದ್ರೆ ಆ 4.6ರಲ್ಲಿ ನಮ್ಮನೇದೂ ಒಂದಿದೆ ಈಗ. ಬೀಗರ ಮುಂದೆ ಮರ್ಯಾದೆ ಉಳಿಬೇಕು, ಹೆಂಗೆ ಕಂಡುಹಿಡಿಯೋದು ಹೇಳಿ.

ಪಲ್ಪರ್ ಮನೆ:
ಮೊದ್ಲು ಮಗಳ ಹತ್ರ ಆ ರಿವ್ಯೂ ಎಡಿಟ್ ಮಾಡ್ಸಿ ಮಾರಾಯ್ರೆ 😀

ನಾನು ಚಿಕ್ಕಮಗಳೂರಲ್ಲೇ ಇರೋದು. ನಮ್ಮೂರಿನ ಸ್ಟಾರ್ ಲೆಕ್ಕಾನೇ ಬೇರೆ. ಮುಳ್ಳಯ್ಯನಗಿರಿ ಹೆಚ್ಚೂಕಮ್ಮಿ 1930 ಮೀಟರ್, ಆ ಗಾಳಿ ಮಂಜಲ್ಲಿ ಮೆಟ್ಲು ಹತ್ತಿ ಇಳ್ದು ಮೂರು ಗಂಟೆಗೆ ಹಸ್ಕೊಂಡು ಬಂದೋರಿಗೆ ಬಿಸಿ ಮ್ಯಾಗಿ ಕೊಟ್ರೂ 5 ಸ್ಟಾರ್ ಬೀಳುತ್ತೆ. ಅದು ಸುಳ್ಳು ರಿವ್ಯೂ ಅಲ್ಲ, ಹಸಿವಿನ ರಿವ್ಯೂ. ಅವ್ರಲ್ಲಿ ಎಷ್ಟೋ ಜನ ಜೀವಮಾನದಲ್ಲಿ ಅವತ್ತೇ ಮೊದಲ ಸಲ ಕಡುಬು ತಿಂದಿರ್ತಾರೆ, ಚೆನ್ನಾಗಿದೆಯೋ ಇಲ್ವೋ ಯಾವುದಕ್ಕೆ ಹೋಲಿಸಿ ಹೇಳ್ತಾರೆ ಪಾಪ.

ನಾನು ಮಾಡೋದು ಇಷ್ಟು. ರಿವ್ಯೂಗಳನ್ನ ಹೊಸದು ಮೊದಲು ಬರೋ ಹಂಗೆ ಹಾಕ್ಕೋತೀನಿ, ಯಾಕಂದ್ರೆ ಅಡುಗೆ ಭಟ್ರು ಬಿಟ್ಟು ಹೋಗಿ ಆರು ತಿಂಗಳಾದ್ರೂ ಹಳೇ ಸ್ಟಾರ್ ಹಂಗೇ ನಿಂತಿರುತ್ತೆ. ಆಮೇಲೆ 3 ಸ್ಟಾರ್ ಕೊಟ್ಟೋರನ್ನ ಓದ್ತೀನಿ, ಅವ್ರಿಗೆ ಹೊಗಳೋ ದರ್ದೂ ಇಲ್ಲ, ಸಿಟ್ಟೂ ಇಲ್ಲ, "ದೋಸೆ ಓಕೆ, ಚಟ್ನಿ ನೀರು" ಅಂತ ಇದ್ದಿದ್ದು ಇದ್ದಂಗೆ ಬರ್ದಿರ್ತಾರೆ. ಸಾಲಾಗಿ ಎಲ್ಲಾ ರಿವ್ಯೂಲೂ ಒಬ್ಬನೇ ಸಪ್ಲೈಯರ್ ಹೆಸರು ಹೇಳಿ ಸೂಪರ್ ಸರ್ವಿಸ್ ಅಂದಿದ್ರೆ ಆ ಹುಡುಗ ಟೇಬಲ್ ಹತ್ರ ನಿಂತು ಬರೆಸಿದಾನೆ ಅಂತ ತಿಳ್ಕೊಳಿ. ಬರೆದೋರ ಹೆಸರು ಒತ್ತಿ ಒಳಗೂ ಹೋಗಿ ನೋಡಿ, ಒಂದೇ ದಿನ ಜೈಪುರದಲ್ಲಿ ಡೆಂಟಿಸ್ಟು, ಕೊಚ್ಚಿಯಲ್ಲಿ ಜಿಮ್ಮು, ಇಲ್ಲಿ ಕಡುಬು ಅಂತ ಇದ್ರೆ ಮುಗೀತು.

ಸಣ್ಣ ಮೆಸ್ಸು:
ನಾನೊಂದು ಮೆಸ್ ನಡೆಸ್ತೀನಿ, ಊರು ಬೇಡ. ನಮ್ಮ ಕಡೆದೂ ಕೇಳಿ ಸ್ವಾಮಿ. ತಿಂಗಳಿಗೊಂದು ಫೋನ್ ಬರುತ್ತೆ, ಸರ್ ನಿಮ್ಮದು 3.9 ಇದೆ, ನೂರು ರಿವ್ಯೂ ಹಾಕಿಸ್ತೀವಿ ಅಂತ. ತಗೊಂಡಿಲ್ಲ ನಾನು, ತಗೊಂಡೋರು ಗೊತ್ತು. ನೀವು ಹೇಳಿದ ಐಸ್‌ಕ್ರೀಮ್ ಕಥೆ ಗೂಗಲ್ ನಿಯಮಕ್ಕೇ ವಿರುದ್ಧ, ಏನಾದ್ರೂ ಕೊಟ್ಟು ರಿವ್ಯೂ ಬರೆಸೋ ಹಂಗಿಲ್ಲ. 2022ರಲ್ಲಿ ಬಿಐಎಸ್‌ನವ್ರು, ಅದೇ ಭಾರತೀಯ ಮಾನಕ ಬ್ಯೂರೋದವ್ರು, ಆನ್‌ಲೈನ್ ರಿವ್ಯೂಗೇ ಅಂತ ಐಎಸ್ 19000 ಅಂತೊಂದು ಸ್ಟ್ಯಾಂಡರ್ಡ್ ತಂದ್ರು, ಆದ್ರೆ ಅದನ್ನ ಇಷ್ಟ ಇದ್ದೋರು ಪಾಲಿಸ್ಬೋದು ಅಂತ ಇಟ್ರು, ಇನ್ನು ಯಾರು ಪಾಲಿಸ್ತಾರೆ.

ಇನ್ನು ನಮಗೆ ಬಿದ್ದಿರೋ 1 ಸ್ಟಾರ್‌ಗಳನ್ನ ನೋಡಿ. ಒಬ್ರು ಕಾರ್ ನಿಲ್ಸೋಕೆ ಜಾಗ ಇಲ್ಲ ಅಂತ ಕೊಟ್ಟಿದಾರೆ. ಗೌರಿ ಹಬ್ಬದ ದಿನ ಬಾಗ್ಲು ಹಾಕಿತ್ತು ಅಂತ ಇನ್ನೊಬ್ರು. ಸೊಪ್ಪಿನ ಸಾರಲ್ಲಿ ಸೊಪ್ಪು ಜಾಸ್ತಿ ಅಂತಾನೂ ಒಂದಿದೆ! ಸ್ಟಾರ್ ಕಮ್ಮಿ ಅಂದ ತಕ್ಷಣ ಊಟ ಕೆಟ್ಟದು ಅಂದ್ಕೋಬೇಡಿ, ಯಾಕೆ ಕಮ್ಮಿ ಕೊಟ್ರು ಅಂತ ಓದಿ.

ಘಾಟಿ ಡ್ರೈವರ್:
ರೀಲ್ಸ್ ನೋಡ್ಕೊಂಡಂತೂ ಹೋಗ್ಲೇಬೇಡಿ. ದುಡ್ಡು ಇಸ್ಕೊಂಡು ಮಾಡಿದ್ರೆ ಜಾಹೀರಾತು ಅಂತ ಹಾಕ್ಬೇಕು ಅಂತ ರೂಲ್ಸ್ ಇದೆ, ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೂ ದಂಡ ಇದೆ, ಆದ್ರೆ ಊಟ ಫ್ರೀ ಕೊಟ್ಟಿದ್ದನ್ನ ಯಾರು ಹೇಳ್ತಾರೆ. 2017ರಲ್ಲಿ ಲಂಡನ್‌ನಲ್ಲಿ ಒಬ್ಬ ತನ್ನ ಹಿತ್ತಲಿನ ಶೆಡ್ಡನ್ನೇ ಹೋಟ್ಲು ಅಂತ ಟ್ರಿಪ್‌ಅಡ್ವೈಸರ್ ಅನ್ನೋ ರಿವ್ಯೂ ಸೈಟಲ್ಲಿ ಹಾಕಿ, ಶೇವಿಂಗ್ ನೊರೆನ ತಿಂಡಿ ಥರ ಫೋಟೋ ಹೊಡ್ದು, ಸ್ನೇಹಿತರ ಕೈಲಿ ರಿವ್ಯೂ ಬರೆಸಿ ಇಡೀ ಲಂಡನ್ನಿಗೇ ನಂಬರ್ ಒನ್ ಮಾಡಿದ್ದ. ಒಂದು ಪ್ಲೇಟ್ ಊಟ ಕೊಡೋ ಮುಂಚೆನೇ!

ಹಂಗಂತ ನಮ್ಮಂಥ ಡ್ರೈವರ್‌ಗಳು ಹೇಳಿದ್ದನ್ನೂ ಪೂರ್ತಿ ನಂಬಬೇಡಿ, ಕೆಲವು ಕಡೆ ಗಾಡಿ ತಂದ್ರೆ ನಮಗೆ ಊಟ ಫ್ರೀ, ಕೆಲವು ಕಡೆ ಕಮಿಷನ್ನೂ ಇರುತ್ತೆ. ವಾರದ ದಿನ ಮಧ್ಯಾಹ್ನ ಒಂದು ಗಂಟೆಗೆ ಆಫೀಸಿನೋರು, ಕೋರ್ಟಿನ ಲಾಯರ್‌ಗಳು ಎಲ್ಲಿ ಕೂತಿರ್ತಾರೆ ನೋಡಿ. ನಾಳೆನೂ ಅವ್ರೇ ಬರ್ಬೇಕಲ್ಲ, ಅವ್ರಿಗೆ ಹಳಸಿದ್ದು ಹಾಕೋಕಾಗಲ್ಲ.

ಪಲ್ಪರ್ ಮನೆ:
@ಘಾಟಿ ಡ್ರೈವರ್ ಅದು ಸರಿ, ಆದ್ರೆ ಅವ್ರು ಹೋಗ್ತಿರೋದು ಶನಿವಾರ. ವೀಕೆಂಡಲ್ಲಿ ಇಲ್ಲಿ ಒಳ್ಳೇ ಅಡುಗೆಮನೆನೂ ಸುಸ್ತು. 11 ಜನ ಅಂದ್ರೆ ಫೋನ್ ಮಾಡ್ದೆ ಹೋಗ್ಬೇಡಿ, 12 ಗಂಟೆಗೇ ಕೂತ್ಬಿಡಿ.

ಸಂತೆಪೇಟೆ ಹಾಸನ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಕೂತು 3 ಸ್ಟಾರ್‌ಗಳನ್ನೆಲ್ಲ ಓದಿ ಮೂರು ಕಡೆ ಫೋನ್ ಮಾಡ್ದೆ. 11 ಜನಕ್ಕೆ ಅಕ್ಕಿ ರೊಟ್ಟಿ ಸಿಗುತ್ತಾ ಅಂತ ಒಂದೇ ಪ್ರಶ್ನೆ. ಎರಡು ಕಡೆ "ಬನ್ನಿ ಸಾರ್ ಎಲ್ಲಾ ಸಿಗುತ್ತೆ, ಏನ್ ಬೇಕಾದ್ರೂ ಸಿಗುತ್ತೆ" ಅಂದ್ರು. ಮೂರನೇದು 4.0 ಇರೋ ಹೋಟ್ಲು, ಒಬ್ರು ಅಮ್ಮ ಫೋನ್ ಎತ್ತಿ "ಇಲ್ಲಪ್ಪ, ರೊಟ್ಟಿ ತಟ್ಟೋಳು ಹನ್ನೊಂದಕ್ಕೆ ಹೋಗ್ತಾಳೆ, ಮಧ್ಯಾಹ್ನ ಅನ್ನ ಸಾರು ಪಲ್ಯ ಅಷ್ಟೆ, ಹನ್ನೊಂದು ಜನ ಅಂದ್ರೆ ಹಿಂದಿನ ದಿನಾನೇ ಹೇಳ್ಬೇಕು" ಅಂತ ಗದರಿಸೋ ಥರ ಹೇಳಿದ್ರು. ಅಲ್ಲಿಗೇ ಹೇಳ್ಬಿಟ್ಟೆ. ಮಗಳು ಆ 5 ಸ್ಟಾರನ್ನ 2 ಮಾಡಿದಾಳೆ, 1 ಮಾಡು ಅಂದ್ರೆ ಐಸ್‌ಕ್ರೀಮ್ ಚೆನ್ನಾಗಿತ್ತಲ್ಲ ಅಪ್ಪ ಅಂತಾಳೆ.