ಕಡಲ ಚಿಪ್ಪುಗಳ ಸಮೂಹ ಕಲಾ ಪ್ರದರ್ಶನ: ಸಲಹೆ ಕೋರಿದವರಿಗೆ ಅನುಭವಿಗಳ ಉತ್ತರಗಳು

ಪ್ರಶ್ನೆ (ಉಡುಪಿಯ ಚಿತ್ರ ಕಲಾವಿದೆ): ನಾವು ಎಂಟು ಮಂದಿ ಕಲಾವಿದರು ಡಿಸೆಂಬರಿನಲ್ಲಿ ಕಡಲ ಚಿಪ್ಪುಗಳನ್ನೇ ವಸ್ತುವಾಗಿಟ್ಟುಕೊಂಡು ಸಮೂಹ ಪ್ರದರ್ಶನವೊಂದನ್ನು ಏರ್ಪಡಿಸಬೇಕೆಂದಿದ್ದೇವೆ. ಐವರು ಬಣ್ಣದಲ್ಲಿ, ಇಬ್ಬರು ಲೈನೋ ಮುದ್ರಣದಲ್ಲಿ (ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆದು ಅಚ್ಚೊತ್ತುವ ವಿಧಾನ), ಒಬ್ಬರು ಮಣ್ಣಿನಲ್ಲಿ ಕೆಲಸ ಮಾಡುವವರು. ಕರಡುಗಳನ್ನು ಒಂದೆಡೆ ಹರಡಿ ನೋಡಿದರೆ ಹೆಚ್ಚುಕಡಿಮೆ ಎಲ್ಲರೂ ಸುರುಳಿಯನ್ನೇ ಬರೆದಿದ್ದಾರೆ. ಇದನ್ನು ತಪ್ಪಿಸುವುದು ಹೇಗೆ, ಚಿತ್ರಗಳ ಜೊತೆಗೆ ನಿಜವಾದ ಚಿಪ್ಪುಗಳನ್ನೂ ಇಡುವುದಾದರೆ ಏನೇನು ಗಮನಿಸಬೇಕು ಎಂಬುದನ್ನು ಇಂಥ ಪ್ರದರ್ಶನ ಮಾಡಿರುವವರು ದಯವಿಟ್ಟು ತಿಳಿಸಬೇಕು.

ಕಾರವಾರದ ಚಿತ್ರಕಲಾ ಶಿಕ್ಷಕಿ: ಚಿಪ್ಪು ಎಂದೊಡನೆ ಕೈ ತಾನಾಗಿ ಸುರುಳಿಯತ್ತ ಓಡುತ್ತದೆ; ನಮ್ಮ ತಂಡದಲ್ಲೂ ಹಾಗೆಯೇ ಆಗಿತ್ತು. ಆಕಾರಗಳನ್ನು ಹಂಚಿಕೊಳ್ಳುವ ಬದಲು ಚಿಪ್ಪಿನ ಬದುಕಿನ ಒಂದೊಂದು ಘಟ್ಟವನ್ನು ಒಬ್ಬೊಬ್ಬರು ವಹಿಸಿಕೊಂಡದ್ದರಿಂದ ಆ ತೊಡಕು ಕಳೆಯಿತು. ಜೀವವಿದ್ದಾಗಿನ ಚಿಪ್ಪು, ಸತ್ತ ಮೇಲೆ ಸನ್ಯಾಸಿ ಏಡಿ ಹೊಕ್ಕ ಚಿಪ್ಪು, ಅಡುಗೆಮನೆಯ ಹಿಂದೆ ರಾಶಿ ಬಿದ್ದ ಚಿಪ್ಪು, ಸುಣ್ಣದ ಗೂಡಿನಲ್ಲಿ ಬೇಯುವ ಚಿಪ್ಪು, ಚೌಕಾಬಾರದ ಕವಡೆ, ಗುಡಿಯ ಶಂಖ ಎಂದು ವಿಂಗಡಿಸಿಕೊಂಡರೆ ಸುರುಳಿ ಬರೆಯುವವರು ಒಬ್ಬಿಬ್ಬರಷ್ಟೇ ಉಳಿಯುತ್ತಾರೆ.

ಎರಡು ಹೋಳಿನ ಚಿಪ್ಪನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ ಎಂಬುದು ನನ್ನ ತಕರಾರು. ಒಂದು ಸಾಮಾನ್ಯ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಚಿಪ್ಪನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿರಿ: ಹೊರಮೈಯಲ್ಲಿ ಬೆಳವಣಿಗೆಯ ಗೆರೆಗಳು, ಒಳಮೈಯಲ್ಲಿ ಸ್ನಾಯು ಅಂಟಿಕೊಂಡಿದ್ದ ಎರಡು ಮಸುಕು ಕಲೆಗಳು, ಕೀಲಿನಲ್ಲಿ ಒಂದಕ್ಕೊಂದು ಕಚ್ಚಿ ಕೂರುವ ಸಣ್ಣ ಹಲ್ಲುಗಳು. ಕೆಲವು ಚಿಪ್ಪುಗಳಲ್ಲಿ ಬೈರಿಗೆಯಿಂದ ಕೊರೆದಂಥ ದುಂಡನೆಯ ತೂತೊಂದಿರುತ್ತದೆ, ಅದರ ಬಾಯಿ ಅಗಲ, ಬುಡ ಕಿರಿದು. ಬೇಟೆಗಾರ ಬಸವನಹುಳುವೊಂದು ಅಲ್ಲಿಂದಲೇ ಒಳಗಿನ ಜೀವವನ್ನು ತಿಂದಿರುತ್ತದೆ. ನಮ್ಮ ತಂಡದ ಒಬ್ಬ ಯುವಕ ಆ ತೂತನ್ನೇ ಆಳೆತ್ತರದ ಕ್ಯಾನ್ವಾಸಿನಲ್ಲಿ ಬರೆದಿದ್ದ, ಜನ ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆ.

ಇನ್ನೊಂದು ಮಾತು. ನಾಟಿಲಸ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಯ ಚಿತ್ರದ ಕೆಳಗೆ "ಸುವರ್ಣ ಅನುಪಾತ" (ಸುಮಾರು 1.618ರ ಅನುಪಾತ) ಎಂದು ಬರೆಯುವ ಚಪಲವನ್ನು ದಯವಿಟ್ಟು ತಡೆಯಿರಿ. ಆ ಅನುಪಾತದಲ್ಲಿ ಬೆಳೆಯುವ ಸುವರ್ಣ ಸುರುಳಿ ಒಂದು ಪೂರ್ಣ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗಬೇಕು, ನಾಟಿಲಸ್ ಹಿಗ್ಗುವುದು ಸರಿಸುಮಾರು ಮೂರು ಪಟ್ಟು ಮಾತ್ರ. ಗಣಿತದ ಮೇಷ್ಟ್ರೊಬ್ಬರು ಪ್ರದರ್ಶನಕ್ಕೆ ಬಂದರೆ ಸಂಜೆಯೆಲ್ಲ ಅದೇ ಚರ್ಚೆಯಾಗುತ್ತದೆ.

ಮಂಗಳೂರಿನ ಮುದ್ರಣ ಕಲಾವಿದ: ನಿಮ್ಮ ಲೈನೋ ಕಲಾವಿದರಿಗೆ ಒಂದು ಎಚ್ಚರಿಕೆ. ಮುದ್ರಣದಲ್ಲಿ ಚಿತ್ರ ಎಡಬಲ ಅದಲುಬದಲಾಗುತ್ತದೆ. ಮುಖ, ಮರ, ದೋಣಿಗಳ ಚಿತ್ರದಲ್ಲಿ ಅದು ಹೆಚ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ, ಶಂಖದಲ್ಲಿ ಬರುತ್ತದೆ. ಚೂಪು ತುದಿ ಮೇಲಾಗಿ, ಬಾಯಿ ನಮ್ಮತ್ತ ಇರುವಂತೆ ಹಿಡಿದರೆ ಬಹುಪಾಲು ಶಂಖಗಳ ಬಾಯಿ ಬಲಕ್ಕಿರುತ್ತದೆ. ಕಂಡದ್ದನ್ನು ಕಂಡಂತೆಯೇ ಕೊರೆದು ಅಚ್ಚೊತ್ತಿದರೆ ಬಾಯಿ ಎಡಕ್ಕೆ ಹೋಗಿ, ಸಾಧಾರಣ ಶಂಖವು ಅತಿ ವಿರಳವಾದ ಬಲಮುರಿ ಶಂಖವಾಗಿ ನಿಲ್ಲುತ್ತದೆ. ನಮ್ಮೂರಿನ ನೋಡುಗರು ಇದನ್ನು ಕೂಡಲೇ ಗುರುತಿಸಿ, ಈ ಶಂಖ ಎಲ್ಲಿ ಸಿಕ್ಕಿತು, ಬೆಲೆ ಎಷ್ಟು ಎಂದು ವಿಚಾರಿಸುತ್ತಾರೆ.

ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಶಂಕುವಿನಾಕಾರದ ಚಿಪ್ಪೊಂದನ್ನು ಎಚ್ಚಿಂಗ್ (ಲೋಹದ ಫಲಕವನ್ನು ಆಮ್ಲದಿಂದ ಕೊರೆದು ಅಚ್ಚೊತ್ತುವುದು) ಮಾಡಿದಾಗ ತನ್ನ ಸಹಿಯನ್ನು ಫಲಕದ ಮೇಲೆ ತಿರುಗಿಸಿ ಬರೆದು ಅಚ್ಚಿನಲ್ಲಿ ಸರಿಯಾಗಿ ಬರುವಂತೆ ನೋಡಿಕೊಂಡರೂ ಚಿಪ್ಪನ್ನು ಮಾತ್ರ ತಿರುಗಿಸಲಿಲ್ಲ; ಹಾಗಾಗಿ ಆ ಮುದ್ರಣದಲ್ಲಿ ಸುರುಳಿ ನಿಜವಾದ ಚಿಪ್ಪಿಗೆ ವಿರುದ್ಧವಾಗಿದೆ. ಅವರಿಗೆ ಅದು ಬೇಕೆಂದೇ ಮಾಡಿದ್ದಿರಬಹುದು. ನಿಮಗೆ ಬೇಡವಾದರೆ ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಹಾಳೆಯನ್ನು ಮಗುಚಿ ಲೈನೋ ಮೇಲೆ ಇಳಿಸಿರಿ. ಆಮಂತ್ರಣ ಪತ್ರಿಕೆಯ ಕರಡನ್ನೂ ನೋಡಿಕೊಳ್ಳಿರಿ, ಡಿಟಿಪಿ ಮಾಡುವವರು ಜಾಗಕ್ಕೆ ಹೊಂದಿಸುವ ನೆಪದಲ್ಲಿ ಚಿತ್ರವನ್ನು ಸಲೀಸಾಗಿ ತಿರುಗಿಸಿಬಿಡುತ್ತಾರೆ.

ಅರಣ್ಯ ಇಲಾಖೆಯಿಂದ ನಿವೃತ್ತರಾದವರು: ನಿಜವಾದ ಚಿಪ್ಪುಗಳನ್ನು ಇಡುವುದಾದರೆ ಮೊದಲು ಕಾನೂನನ್ನು ತಿಳಿದುಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಿಗೆ 2001ರಲ್ಲಿ 24 ಬಗೆಯ ಮೃದ್ವಂಗಿಗಳನ್ನು ಸೇರಿಸಲಾಯಿತು. ನಾಟಿಲಸ್, ಟ್ರೈಟಾನ್, ಕೊಂಬಿನ ಹೆಲ್ಮೆಟ್ ಚಿಪ್ಪು, ದೈತ್ಯ ಕಪ್ಪೆಚಿಪ್ಪಿನ ಕೆಲವು ಬಗೆಗಳು ಅದರಲ್ಲಿದ್ದವು. ಗೋವಾದ ಹಳೆಯ ಮನೆಗಳ ಕಿಟಕಿಗಳಿಗೆ ಗಾಜಿನ ಬದಲು ಕೂರಿಸುತ್ತಿದ್ದ ಅರೆಪಾರದರ್ಶಕ ಚಪ್ಪಟೆ ಚಿಪ್ಪೂ ಇತ್ತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳು ಮರುವಿಂಗಡಣೆಯಾಗಿರುವುದರಿಂದ ಹಳೆಯ ಪಟ್ಟಿಯನ್ನು ನೆಚ್ಚದೆ ಈಗಿನದನ್ನು ನೋಡಬೇಕು. ಪ್ರವಾಸಿ ತಾಣದ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡದ್ದೆಂಬ ಕಾರಣಕ್ಕೆ ವಸ್ತು ಕಾನೂನುಬದ್ಧವಾಗುವುದಿಲ್ಲ. ಅಲಂಕಾರಕ್ಕೆಂದು ಹವಳದ ತುಂಡನ್ನೋ ಒಣಗಿದ ಸಮುದ್ರಕುದುರೆಯನ್ನೋ ಜೋಡಿಸುವ ಯೋಚನೆ ಇದ್ದರೆ ಅದನ್ನು ಕೈಬಿಡಿರಿ.

ಯಾವ ತೊಡಕೂ ಇಲ್ಲದ ಚಿಪ್ಪು ಬೇಕೆಂದರೆ ಅಡುಗೆಮನೆಯಲ್ಲಿ ಉಳಿದ ಮರುವಾಯಿ, ನೀಲಿಕಲ್ಲಿನ (ಬಂಡೆಗೆ ಅಂಟಿ ಬೆಳೆಯುವ ಎರಡು ಹೋಳಿನ ಚಿಪ್ಪುಜೀವಿ) ಚಿಪ್ಪುಗಳನ್ನೇ ಸಂಗ್ರಹಿಸಿರಿ. ದಡದಲ್ಲಿ ಆಯುವವರು ಒಳಗೆ ಏಡಿ ಇಲ್ಲವೆಂದು ಖಚಿತಪಡಿಸಿಕೊಂಡೇ ಎತ್ತಬೇಕು. ಶಂಕುವಿನಾಕಾರದ ಚಿಪ್ಪಿನ ಜೀವಿಗಳಿಗೆ ವಿಷದ ಮುಳ್ಳಿರುತ್ತದೆ, ಜೀವಂತ ಇರುವುದನ್ನು ಕೈಯಲ್ಲಿ ಮುಟ್ಟಬಾರದು.

ಬೆಂಗಳೂರಿನ ವಸ್ತುಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡಿದವರು: ಮೇಲಿನವರು ಹೇಳಿದ್ದಕ್ಕೆ ಸಂರಕ್ಷಣೆಯ ವಿಷಯವೊಂದನ್ನು ಸೇರಿಸುತ್ತೇನೆ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟ ಚಿಪ್ಪುಗಳು ಮೊದಲು ಹೊಳಪು ಕಳೆದುಕೊಂಡು, ಆಮೇಲೆ ಮೈಮೇಲೆ ಬಿಳಿಯ ಪುಡಿ ಏಳುವುದುಂಟು. ನೋಡಿದವರು ಬೂಷ್ಟು ಎಂದುಕೊಳ್ಳುತ್ತಾರೆ. ಬೈನ್ ಎಂಬ ಇಂಗ್ಲಿಷ್ ಸಂಗ್ರಾಹಕ 19ನೇ ಶತಮಾನದ ಕೊನೆಯಲ್ಲಿ ಇದನ್ನು ವಿವರಿಸಿದಾಗ ಅವನೂ ಬ್ಯಾಕ್ಟೀರಿಯಾದ ಕೆಲಸವೆಂದೇ ತಿಳಿದಿದ್ದ. ನಿಜವಾಗಿ ಅದು ರೋಗವೇ ಅಲ್ಲ. ಮರ, ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಅಗ್ಗದ ರಟ್ಟು ಇವುಗಳಿಂದ ಹೊರಡುವ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲಗಳ ಆವಿಯು ತೇವದ ಗಾಳಿಯಲ್ಲಿ ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೋನೇಟನ್ನು ತಿಂದು ಲವಣವಾಗಿಸುತ್ತದೆ.

ವಾರದ ಪ್ರದರ್ಶನದಲ್ಲಿ ಇದರಿಂದ ಹಾನಿಯಾಗದು. ಅದಕ್ಕೂ ಮೊದಲು ಕರಾವಳಿಯ ಮಳೆಗಾಲವಿಡೀ ಪ್ಲೈವುಡ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ, ಅಥವಾ ಚಿಪ್ಪು ಅಂಟಿಸಿದ ಕಲಾಕೃತಿಯನ್ನು ಎಂಡಿಎಫ್ ಚೌಕಟ್ಟಿನಲ್ಲಿ ಗಾಜು ಬಿಗಿದು ಮಾರಿದರೆ, ಕೊಂಡವರ ಮನೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಅಂಟನ್ನು ಬಳಸಬೇಡಿರಿ, ಆ ವಾಸನೆ ಅಸಿಟಿಕ್ ಆಮ್ಲದ್ದೇ. ನ್ಯೂಟ್ರಲ್ ಎಂದು ನಮೂದಿಸಿದ ಸಿಲಿಕೋನ್ ಸಿಗುತ್ತದೆ. ಚಿಪ್ಪನ್ನು ಸಿಹಿನೀರಿನಲ್ಲಿ ಹಲವು ಸಲ ತೊಳೆದು ಉಪ್ಪು ಹೋಗಲಾಡಿಸಿ, ನೆರಳಿನಲ್ಲಿ ಒಣಗಿಸಿ, ಆಮ್ಲರಹಿತ ಕಾಗದದಲ್ಲಿಡಿರಿ. ಹೊಳಪು ಬರಿಸಲೆಂದು ವಿನೆಗರ್ ಅಥವಾ ನಿಂಬೆರಸ ಹಚ್ಚುವವರನ್ನು ಕಂಡಿದ್ದೇನೆ; ಅವರು ಚಿಪ್ಪನ್ನೇ ಕರಗಿಸುತ್ತಿರುತ್ತಾರೆ. ತೂತು ಕೊರೆಯುವಾಗ ಚಿಪ್ಪನ್ನು ಒದ್ದೆಯಾಗಿಟ್ಟು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿರಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕುಮಟಾದ ಛಾಯಾಗ್ರಾಹಕ: ಒಂದು ಗೋಡೆಯನ್ನಾದರೂ ಚಿಪ್ಪನ್ನು ನಂಬಿ ಬದುಕುವವರಿಗೆ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಬಳಚು (ಎರಡು ಹೋಳಿನ ಕಪ್ಪೆಚಿಪ್ಪು) ಆಯುವ ಹೆಂಗಸರನ್ನು ನೀವು ನೋಡಿರಬಹುದು. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಮಾನ್ಯತೆ ದೊರೆತಿದೆ. ನಾವು ಮಾಡಿದ ಪ್ರದರ್ಶನದಲ್ಲಿ ಅವರ ಬುಟ್ಟಿಯೊಂದನ್ನು ಕೇಳಿ ತಂದು, ಅದರ ಪಕ್ಕ ಬಳಚಿನ ಚಿಪ್ಪು ರಾಶಿ ಹಾಕಿ, ಮೇಲೆ ಅವರ ಕೈಗಳ ಚಿತ್ರಗಳನ್ನಷ್ಟೇ ತೂಗುಹಾಕಿದ್ದೆವು. ಚಿತ್ರ ತೆಗೆಯುವ ಮೊದಲು ಒಪ್ಪಿಗೆ ಕೇಳುವುದು, ಉದ್ಘಾಟನೆಗೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದು, ಮಾರಾಟವಾದ ಚಿತ್ರದಲ್ಲಿ ಅವರಿಗೊಂದು ಪಾಲು ಕೊಡುವುದು, ಇವನ್ನು ತಂಡದಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಘಟ್ಟಗಳನ್ನು ಹಂಚಿಕೊಳ್ಳುವ ಸಲಹೆಯನ್ನು ತಂಡ ಒಪ್ಪಿದೆ, ಸುಣ್ಣದ ಗೂಡು ನನ್ನ ಪಾಲಿಗೆ ಬಂದಿದೆ. ಮಣ್ಣಿನ ಕಲಾವಿದರಿಗೆ ಏನು ಕೊಡುವುದೆಂದು ಮಾತ್ರ ಹೊಳೆಯುತ್ತಿಲ್ಲ. ಮುತ್ತಿನ ಹೊಳಪಿನ ಚಿಪ್ಪುಗಳಿಗೆ ಬೆಳಕು ಹೇಗಿರಬೇಕು ಎಂಬುದನ್ನೂ ಯಾರಾದರೂ ತಿಳಿಸುವಿರಾ?

ಕಾರವಾರದ ಚಿತ್ರಕಲಾ ಶಿಕ್ಷಕಿ: ಮಣ್ಣಿನ ಕಲಾವಿದರಿಗೆ ಕಪ್ಪೆ ಬೊಂಡಾಸಿನ (ಕಟ್ಲ್‌ಫಿಶ್ ಎಂಬ ಕಡಲಜೀವಿ) ಒಳಚಿಪ್ಪನ್ನು ಕೊಡಿರಿ, ಆಯುರ್ವೇದದವರು ಸಮುದ್ರಫೇನ ಎನ್ನುವ, ದಡದಲ್ಲಿ ಸಿಗುವ ಬಿಳಿಯ ಹಗುರ ವಸ್ತು ಅದೇ. ಉಗುರಿನಿಂದಲೂ ಕೆತ್ತಬಹುದು, ಅದರ ಪದರಗಳನ್ನು ಹಸಿ ಮಣ್ಣಿಗೆ ಒತ್ತಿದರೆ ಅಲೆಯಂಥ ಗೆರೆಗಳು ಮೂಡುತ್ತವೆ. ಬೆಳ್ಳಿ ಕೆಲಸದವರು ಅದರಲ್ಲೇ ಅಚ್ಚು ತೋಡಿ ಲೋಹ ಎರೆಯುವುದುಂಟು, ಅಂಥವರು ಊರಲ್ಲಿದ್ದರೆ ಒಂದು ದಿನ ಕರೆಸಿ ಪ್ರಾತ್ಯಕ್ಷಿಕೆ ಇಡಬಹುದು.

ಮುತ್ತಿನ ಪದರದ ಬಣ್ಣ ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ, ಮೇಲಿನಿಂದ ಸಮವಾಗಿ ಸುರಿಯುವ ಟ್ಯೂಬ್‌ಲೈಟಿನ ಕೆಳಗೆ ಅದು ಸಪ್ಪೆಯಾಗಿ ಕಾಣುತ್ತದೆ. ಒಂದೇ ಬದಿಯಿಂದ ಓರೆಯಾಗಿ ಒಂದು ಎಲ್‌ಇಡಿ ದೀಪ, ಹಿಂದೆ ಹೊಳಪಿಲ್ಲದ ಕಡುಬಣ್ಣದ ಬಟ್ಟೆ ಇದ್ದರೆ ಸಾಕು. ನೋಡುಗರು ಸುತ್ತ ನಡೆದಾಡುವಂತೆ ಮೇಜನ್ನು ಗೋಡೆಯಿಂದ ಈಚೆಗೆ ಎಳೆದಿಡಿರಿ.