ಅಪ್‌ಡೇಟ್: ಮುಳ್ಳುಮುಳ್ಳಾದ ಆ ಸಿಸ್ಟ್ ಸ್ಪಿನಿಫೆರೈಟಿಸ್ ಎಂದೇ ಇತ್ಯರ್ಥವಾಯಿತು

ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಕಾಲಘಟ್ಟದ) ಸುಣ್ಣಶಿಲೆಯಿಂದ ಬೇರ್ಪಡಿಸಿದ ಒಂದು ಸಿಸ್ಟ್, ಅಂದರೆ ಡೈನೋಫ್ಲ್ಯಾಜೆಲೇಟ್ ಎಂಬ ಏಕಕೋಶ ಜೀವಿಯ ಗಟ್ಟಿ ಗೋಡೆಯ ವಿಶ್ರಾಂತಿ ಕೋಶದ ಪಳೆಯುಳಿಕೆ, ಸ್ಪಿನಿಫೆರೈಟಿಸ್ ಕುಲದ್ದೋ ಅಕೋಮೋಸ್ಫೀರಾ ಕುಲದ್ದೋ ಎಂದು ಕೇಳಿದ್ದೆ. ಮುಳ್ಳುಗಳನ್ನು ಬಿಟ್ಟು ಅವುಗಳ ನಡುವಿನ ಗೋಡೆಯನ್ನು ನೋಡಿ ಎಂದವರಿಗೆ ಮನಃಪೂರ್ವಕ ಧನ್ಯವಾದ. ಉತ್ತರ ಅಲ್ಲೇ ಇತ್ತು.

ಸೂಕ್ಷ್ಮದರ್ಶಕದ ಫೋಕಸನ್ನು ನಿಧಾನವಾಗಿ ಇಳಿಸಿದಾಗ ಮುಳ್ಳಿನ ಬುಡದಿಂದ ಬುಡಕ್ಕೆ ಹರಿಯುವ ಸಣ್ಣ ಏಣುಗಳು ಸ್ಪಷ್ಟವಾದವು. ಜೀವಂತ ಕೋಶದ ಕವಚ ಫಲಕಗಳ ಗಡಿಗಳೇ ಈ ಏಣುಗಳಾಗಿ ಉಳಿದಿರುತ್ತವೆ. ಅಕೋಮೋಸ್ಫೀರಾದಲ್ಲಿ ಇವು ಇರುವುದಿಲ್ಲ, ಇದ್ದರೂ ಅತಿ ಕ್ಷೀಣ. ಫಲಕಗಳ ಮೂಲೆಗಳಲ್ಲಿ ಎದ್ದ ಮುಳ್ಳುಗಳು ತುದಿಯಲ್ಲಿ ಮೂರಾಗಿ ಕವಲೊಡೆದಿವೆ, ಪ್ರತಿ ಕವಲೂ ಮತ್ತೆ ಎರಡಾಗಿ ಸೀಳಿದೆ. ಗೋಡೆಗೆ ಎರಡು ಪದರ. ಮುಳ್ಳುಗಳು ಹೊರಪದರದಿಂದ ಮಾತ್ರ ಮೂಡಿವೆ. ಬೆನ್ನಿನ ಕಡೆ ಒಂದೇ ಫಲಕ ಕಳಚಿದ ಕಿಂಡಿ, ಅಂದರೆ ಆರ್ಕಿಯೋಪೈಲ್, ಇದೆ. ಕೋಶವನ್ನು ಸುತ್ತುವ ನಡುಪಟ್ಟಿಗೆ ತಾಗಿ ಮೇಲಿರುವ ಫಲಕಗಳ ಸಾಲಿನಲ್ಲಿ ಅದು ಮೂರನೆಯದು. ಡೈನೋಫ್ಲ್ಯಾಜೆಲೇಟ್‌ಗಳ ಗೋನಿಯಾಲಕೇಲಿಸ್ ಗಣಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ಪ್ರಭೇದ ಸ್ಪಿನಿಫೆರೈಟಿಸ್ ರಾಮೋಸಸ್ ಎಂದೇ ನನ್ನ ನಿಲುವು. ಆದರೆ ಈ ಹೆಸರಿನಡಿ ಬಹಳ ವೈವಿಧ್ಯ ಸೇರಿಕೊಂಡಿರುವುದರಿಂದ ಉಪಪ್ರಭೇದದವರೆಗೆ ಹೋಗುವುದಿಲ್ಲ. 1830ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಎಹ್ರೆನ್‌ಬರ್ಗ್ ಚಕಮಕಿ ಕಲ್ಲಿನಲ್ಲಿ ಇದನ್ನು ಕಂಡು ಸಿಹಿನೀರಿನ ಪಾಚಿಯ ಕುಲವೊಂದಕ್ಕೆ ಸೇರಿಸಿದ್ದರು. ಇಂಥವು ಡೈನೋಫ್ಲ್ಯಾಜೆಲೇಟ್‌ಗಳ ಸಿಸ್ಟ್‌ಗಳೆಂದು ಅಮೆರಿಕದ ವಿಜ್ಞಾನಿ ಎವಿಟ್ ತೋರಿಸಿಕೊಟ್ಟದ್ದು 1961ರಲ್ಲಿ, ಅದಕ್ಕೆ ಆಧಾರವಾದದ್ದರಲ್ಲಿ ಇದೇ ಕಿಂಡಿಯೂ ಒಂದು. ಅದನ್ನು ಸ್ವತಃ ನೋಡಿದ ಸಂತೋಷ ದೊಡ್ಡದು.

ಹೊಟ್ಟೆಯ ಕಡೆಯ ಸಲ್ಕಸ್ (ಉದ್ದನೆಯ ತಗ್ಗು) ಫಲಕಗಳು ಇನ್ನೂ ಮಸುಕಾಗಿವೆ. ಸರಿಯಾಗಿ ಹೊರಳಿ ಕುಳಿತ ಇನ್ನೊಂದು ಮಾದರಿ ಸಿಕ್ಕರೆ ಅದರ ಚಿತ್ರ ಹಾಕುತ್ತೇನೆ.